ಅಶ್ವಶಕ್ತಿಯ ಲೆಕ್ಕ: ರಸೀದಿಯಿಲ್ಲದ ಮಾರ್ಪಾಡು ಯಾರ ಖಾತೆಗೆ?

ಪುತ್ತೂರು, ಸುಳ್ಯ ಹಾಗೂ ಕಡಬ ತಾಲೂಕುಗಳಲ್ಲಿ ವಾಹನ ಬಿಡಿಭಾಗಗಳ ವ್ಯಾಪಾರವು ಬಹುಕಾಲ ಜೀಪು, ಪಿಕಪ್ ಮತ್ತು ಲಾರಿಗಳನ್ನೇ ನಂಬಿಕೊಂಡಿತ್ತು. ಅಡಿಕೆ, ರಬ್ಬರ್, ಗೇರುಬೀಜಗಳನ್ನು ತೋಟದಿಂದ ಪೇಟೆಗೆ ತರುವ ವಾಹನಗಳ ಕ್ಲಚ್ಚು, ಬ್ರೇಕು, ಬೇರಿಂಗುಗಳೇ ಅಂಗಡಿಯ ಮುಖ್ಯ ಸರಕು. ಸವೆದುದನ್ನು ಬದಲಾಯಿಸುವುದೇ ಗ್ಯಾರೇಜಿನ ಕೆಲಸ. ಈಗ ಆ ಅಂಗಡಿಗೂ ಗ್ಯಾರೇಜಿಗೂ ಬೇರೊಂದು ಬಗೆಯ ಬೇಡಿಕೆ ಬರುತ್ತಿದೆ. ಸವೆಯದೆ ಇರುವ, ಸುಸ್ಥಿತಿಯಲ್ಲಿರುವ ಭಾಗವನ್ನು ಕಳಚಿ, ಅದರ ಸ್ಥಾನದಲ್ಲಿ ಹೆಚ್ಚು ಶಕ್ತಿ ಕೊಡುವ ಭಾಗವನ್ನು ಜೋಡಿಸಬೇಕೆಂಬುದೇ ಆ ಬೇಡಿಕೆ. ಕೇಳುವವರು ಟರ್ಬೊ ಎಂಜಿನ್ನಿನ ಸಣ್ಣ ಕಾರುಗಳ ಮಾಲೀಕರು.

ಇಂಥ ಕಾರುಗಳು ಈ ಭಾಗಕ್ಕೆ ಹೊಸತಲ್ಲ. 2007ರಲ್ಲಿ ಮಾರುಕಟ್ಟೆಗೆ ಬಂದ ಮಾರುತಿ ಸ್ವಿಫ್ಟ್ ಡೀಸೆಲ್ ಕೂಡ ಟರ್ಬೊ ಕಾರೇ ಆಗಿತ್ತು. 2013ರಲ್ಲಿ ಫೋಕ್ಸ್‌ವ್ಯಾಗನ್ ಪೋಲೊ ಜಿಟಿ ಟಿಎಸ್‌ಐ, 2017ರಲ್ಲಿ ಬಲೆನೊ ಆರ್‌ಎಸ್, 2020ರಲ್ಲಿ ಹ್ಯುಂಡೈ ಐ20ರ ಟರ್ಬೊ ಮಾದರಿ, 2021ರಲ್ಲಿ ಟಾಟಾ ಆಲ್ಟ್ರೋಜ್ ಐಟರ್ಬೊ, 2024ರಲ್ಲಿ ಆಲ್ಟ್ರೋಜ್ ರೇಸರ್ ಬಂದವು. ಮಾಣಿಯಿಂದ ಪುತ್ತೂರು, ಸುಳ್ಯಗಳ ಮೂಲಕ ಸಂಪಾಜೆ ಘಾಟಿ ಏರುವ ಹೆದ್ದಾರಿಯಲ್ಲಿ, ಕಡಬದಿಂದ ಸುಬ್ರಹ್ಮಣ್ಯಕ್ಕೆ ಹೋಗುವ ತಿರುವುಗಳಲ್ಲಿ ಎಂಜಿನ್ನಿನ ಎಳೆತ ಹೆಚ್ಚಿದ್ದಷ್ಟೂ ಚಾಲನೆ ಹಿತವೆನಿಸುವುದು ಸಹಜ. ಯುವಕರ ಈ ಆಸೆಯನ್ನು ಹಳಿಯುವುದರಿಂದ ಪ್ರಯೋಜನವಿಲ್ಲ. ಆದರೆ ಆ ಆಸೆಯನ್ನು ಪೂರೈಸುವ ವ್ಯವಹಾರವು ಬಹುಮಟ್ಟಿಗೆ ರಸೀದಿಯಿಲ್ಲದೆ, ಬಾಯಿಮಾತಿನ ಮೇಲೆ ನಡೆಯುವುದು ವರ್ತಕ ವರ್ಗವು ಗಂಭೀರವಾಗಿ ಆಲೋಚಿಸಬೇಕಾದ ವಿಷಯ.

ಮೀಸಲು ನಿಧಿಯ ಹಂಚಿಕೆ

ಟರ್ಬೊ ಎಂಜಿನ್ನಿನಲ್ಲಿ ಹೊರಹೋಗುವ ಬಿಸಿ ಹೊಗೆಯ ರಭಸವು ಒಂದು ಚಕ್ರವನ್ನು ತಿರುಗಿಸುತ್ತದೆ. ಅದೇ ದಂಡದ ಇನ್ನೊಂದು ತುದಿಯ ಚಕ್ರವು ಹೊರಗಿನ ಗಾಳಿಯನ್ನು ಒತ್ತಿ ಎಂಜಿನ್ನಿನೊಳಗೆ ತುಂಬುತ್ತದೆ. ಎಷ್ಟು ಒತ್ತಬೇಕು, ಎಷ್ಟು ಇಂಧನ ಬಿಡಬೇಕು ಎಂಬುದನ್ನು ಕಾರಿನ ಗಣಕವು ನಿರ್ಧರಿಸುತ್ತದೆ. ಆ ಗಣಕದ ತಂತ್ರಾಂಶವನ್ನು ತಿದ್ದಿ ಒತ್ತಡವನ್ನು ಹೆಚ್ಚಿಸುವುದಕ್ಕೆ ರೀಮ್ಯಾಪ್ ಎನ್ನುತ್ತಾರೆ. ಟರ್ಬೊ ಇಲ್ಲದ ಎಂಜಿನ್ನಿನಲ್ಲಿ ಇದರಿಂದ ಹೆಚ್ಚಿನ ಫಲವಿಲ್ಲ. ಟರ್ಬೊ ಇದ್ದರೆ ಶಕ್ತಿಯು ಕಾಲು ಭಾಗದಷ್ಟು ಹೆಚ್ಚುವುದೆಂದು ಮಾರಾಟಗಾರರು ಹೇಳುವುದು ಸಾಮಾನ್ಯ. ಅನಂತರದ ಹಂತದಲ್ಲಿ ತೆರೆದ ಏರ್ ಫಿಲ್ಟರ್, ದೊಡ್ಡ ಇಂಟರ್‌ಕೂಲರ್, ಅಗಲವಾದ ಹೊಗೆಕೊಳವೆ, ಕೆಲವೊಮ್ಮೆ ಹೊಗೆ ಶುದ್ಧೀಕರಿಸುವ ಕ್ಯಾಟಲಿಟಿಕ್ ಕನ್ವರ್ಟರನ್ನೇ ತೆಗೆದುಹಾಕುವ ಕೆಲಸ ನಡೆಯುತ್ತದೆ.

ಈ ಹೆಚ್ಚುವರಿ ಶಕ್ತಿ ಎಲ್ಲಿಂದ ಬರುತ್ತದೆ? ಪೋಲೊ ಜಿಟಿ ಟಿಎಸ್‌ಐ ಕಾರಿನ 1.2 ಲೀಟರ್ ಎಂಜಿನ್ 175 ನ್ಯೂಟನ್ ಮೀಟರ್ ಟಾರ್ಕ್ ಕೊಡುತ್ತಿತ್ತು. ಅದಕ್ಕೆ ಜೋಡಿಸಿದ್ದ ಏಳು ಗೇರುಗಳ ಒಣ ಕ್ಲಚ್ಚಿನ ಡಿಎಸ್‌ಜಿ ಗೇರುಪೆಟ್ಟಿಗೆಯ ತಾಳಿಕೆಯ ಮಿತಿ 250. ನಡುವಿನ 75 ವ್ಯರ್ಥವಾಗಿ ಬಿಟ್ಟದ್ದಲ್ಲ. ಬೇಸಿಗೆಯ ಸೆಕೆ, ಕಳಪೆ ಇಂಧನ, ತಡವಾದ ಸರ್ವಿಸ್, ಘಾಟಿಯ ಏರು ಇವೆಲ್ಲವನ್ನೂ ಎಣಿಸಿ ತಯಾರಕನು ಇಟ್ಟ ಮೀಸಲು ಅದು. ವ್ಯಾಪಾರ ಸಂಸ್ಥೆಯು ಕೆಟ್ಟ ವರ್ಷಕ್ಕೆಂದು ಮೀಸಲು ನಿಧಿ ಇಟ್ಟಂತೆಯೇ ಇದು. ರೀಮ್ಯಾಪ್ ಮಾಡಿಸುವುದೆಂದರೆ ಆ ನಿಧಿಯನ್ನು ಲಾಭಾಂಶವಾಗಿ ಹಂಚಿಬಿಡುವುದು. ಹಂಚುವುದು ತಪ್ಪಲ್ಲದಿರಬಹುದು, ಆದರೆ ಹಂಚಿದ್ದೇವೆಂಬುದು ಲೆಕ್ಕಪುಸ್ತಕದಲ್ಲಿ ಕಾಣಬೇಕು. ವರ್ಷಕ್ಕೆ 3,500 ಮಿಲಿಮೀಟರಿಗೂ ಮೀರಿ ಮಳೆ ಬೀಳುವ ಈ ಪ್ರದೇಶದಲ್ಲಿ ತೆರೆದ ಫಿಲ್ಟರಿಗೆ ನೀರಿನ ಭಯವಿದೆ. ಟಯರು, ಬ್ರೇಕುಗಳನ್ನು ಹಾಗೆಯೇ ಬಿಟ್ಟು ಶಕ್ತಿಯನ್ನು ಮಾತ್ರ ಹೆಚ್ಚಿಸಿದ ಕಾರಿಗೆ ಒದ್ದೆ ತಿರುವಿನಲ್ಲಿ ಅದಕ್ಕಿಂತಲೂ ದೊಡ್ಡ ಭಯವಿದೆ.

ಕಾನೂನು ಏನು ಹೇಳುತ್ತದೆ?

1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮಿನ ಪ್ರಕಾರ, ನೋಂದಣಿ ಪತ್ರದಲ್ಲಿರುವ ವಿವರಗಳು ತಯಾರಕನು ಮೂಲದಲ್ಲಿ ನೀಡಿದ ವಿವರಗಳಿಗೆ ಭಿನ್ನವಾಗುವಂತೆ ಮಾಲೀಕನು ವಾಹನವನ್ನು ಮಾರ್ಪಡಿಸುವಂತಿಲ್ಲ. ಕೇರಳದಿಂದ ಬಂದ ಪ್ರಕರಣವೊಂದರಲ್ಲಿ 2019ರ ಜನವರಿ 9ರಂದು ತೀರ್ಪು ನೀಡಿದ ಸರ್ವೋಚ್ಚ ನ್ಯಾಯಾಲಯವು ಈ ನಿರ್ಬಂಧವನ್ನು ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಿಂದ ಸೇರಿದ 182ಎ ಕಲಮು, ಅನುಮತಿಯಿಲ್ಲದ ಪ್ರತಿಯೊಂದು ಮಾರ್ಪಾಡಿಗೆ ಮಾಲೀಕನಿಗೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗಿನ ಸೆರೆವಾಸ ಅಥವಾ ಎರಡನ್ನೂ ವಿಧಿಸಲು ಅವಕಾಶ ನೀಡಿದೆ. ಶಬ್ದ ಮತ್ತು ಹೊಗೆಯ ಮಿತಿ ಮೀರಿದರೆ 190ನೆಯ ಕಲಮಿನಂತೆ 10,000 ರೂಪಾಯಿವರೆಗಿನ ದಂಡದ ಜೊತೆಗೆ ಚಾಲನಾ ಪರವಾನಗಿಗೂ ಮೂರು ತಿಂಗಳು ಸಂಚಕಾರ ಬರುತ್ತದೆ.

ವರ್ತಕರು ವಿಶೇಷವಾಗಿ ಗಮನಿಸಬೇಕಾದುದು 182ಎ ಕಲಮಿನ ಮೊದಲ ಭಾಗವನ್ನು. ನಿಯಮಕ್ಕೆ ವಿರುದ್ಧವಾದ ವಾಹನವನ್ನು ಮಾರುವ, ಒಪ್ಪಿಸುವ ಅಥವಾ ಮಾರ್ಪಡಿಸುವ ವಾಹನ ತಯಾರಕ, ಆಮದುದಾರ ಅಥವಾ ವ್ಯಾಪಾರಿಗೆ ವಾಹನವೊಂದಕ್ಕೆ 1 ಲಕ್ಷ ರೂಪಾಯಿ ದಂಡ ಅಥವಾ ಒಂದು ವರ್ಷದವರೆಗಿನ ಸೆರೆವಾಸ ಅಥವಾ ಎರಡೂ ಒದಗಬಹುದು. ಪೋಲೊ ಕಾರಿನ ತಯಾರಿಕೆ ಭಾರತದಲ್ಲಿ 2022ರಲ್ಲಿ ನಿಂತಿತು. ಆದ್ದರಿಂದ ಇಂದು ಕೈಬದಲಾಗುವ ಪೋಲೊ ಕಾರುಗಳೆಲ್ಲವೂ ಹಳೆಯವೇ. ಹಿಂದಿನ ಮಾಲೀಕನು ಏನೇನು ಜೋಡಿಸಿದ್ದನೆಂದು ಪರೀಕ್ಷಿಸದೆ ಕೊಂಡು ಮಾರುವ ಹಳೆಯ ಕಾರುಗಳ ವ್ಯಾಪಾರಿಯು ತನಗೇ ಅರಿವಿಲ್ಲದ ಹೊಣೆಯನ್ನು ದಾಸ್ತಾನಿನ ಜೊತೆಗೆ ಕೊಂಡಂತಾಗುತ್ತದೆ.

ಆದರೆ ಅದೇ ಕಲಮಿನಲ್ಲಿ ಪರಿಹಾರವೂ ಇದೆ. ವಾಹನವು ಯಾವ ರೀತಿಯಲ್ಲಿ ನಿಯಮಕ್ಕೆ ಭಿನ್ನವಾಗಿದೆ ಎಂಬುದನ್ನು ಮಾರಾಟದ ಅಥವಾ ಮಾರ್ಪಾಡಿನ ಸಮಯದಲ್ಲೇ ಎದುರು ಪಕ್ಷಕ್ಕೆ ತಿಳಿಸಿದ್ದಾಗಿ ಸಾಬೀತುಪಡಿಸಿದವನನ್ನು ಶಿಕ್ಷಿಸುವಂತಿಲ್ಲವೆಂದು ಅದು ಹೇಳುತ್ತದೆ. ಬಾಯಿಮಾತಿನಲ್ಲಿ ತಿಳಿಸಿದ್ದನ್ನು ಸಾಬೀತುಪಡಿಸುವುದು ಕಷ್ಟ. ಸಹಿ ಮಾಡಿಸಿಕೊಂಡ ಕಾಗದ ಸುಲಭವಾಗಿ ಸಾಬೀತುಪಡಿಸುತ್ತದೆ. ರಸೀದಿ ಬರೆದರೆ ತೆರಿಗೆ ಕಟ್ಟಬೇಕಾಗುತ್ತದೆಂದು ಹೆದರುವ ವರ್ತಕನಿಗೆ, ಆ ರಸೀದಿಯೇ ರಕ್ಷಣೆಯಾಗಬಲ್ಲುದೆಂಬುದು ಬಹುಶಃ ಹೊಳೆದಿರಲಾರದು.

ಲಾಭಕ್ಕಿಂತ ಹೊಣೆ ದೊಡ್ಡದು

ಒಂದು ಕಲ್ಪಿತ ಉದಾಹರಣೆಯನ್ನು ತೆಗೆದುಕೊಳ್ಳಬಹುದು. ಜಿಎಸ್‌ಟಿ ನೋಂದಣಿಯಿರುವ ಗ್ಯಾರೇಜೊಂದು ಫಿಲ್ಟರ್, ಹೊಗೆಕೊಳವೆ ಹಾಗೂ ರೀಮ್ಯಾಪ್ ಸೇರಿ 80,000 ರೂಪಾಯಿಗಳನ್ನು ರಸೀದಿಯಿಲ್ಲದೆ ಪಡೆಯುತ್ತದೆಂದು ಭಾವಿಸೋಣ. ಇದರಲ್ಲಿ ಗ್ಯಾರೇಜಿಗೆ ಉಳಿಯುವುದು 20,000. 2025ರ ಸೆಪ್ಟೆಂಬರ್ 22ರಿಂದ ವಾಹನ ಬಿಡಿಭಾಗಗಳ ಮೇಲಿನ ತೆರಿಗೆ ಶೇ. 28ರಿಂದ ಶೇ. 18ಕ್ಕೆ ಇಳಿದಿದೆ. ಈ ವಹಿವಾಟು ಎರಡು ವರ್ಷಗಳ ಬಳಿಕ ಬೆಳಕಿಗೆ ಬಂದು, ಪೂರ್ಣ ಮೊತ್ತವನ್ನೇ ತೆರಿಗೆಗೆ ಒಳಪಡುವ ಮೌಲ್ಯವೆಂದು ಪರಿಗಣಿಸಿದರೆ ತೆರಿಗೆ 14,400, ವಾರ್ಷಿಕ ಶೇ. 18ರಂತೆ ಬಡ್ಡಿ 5,184. ಉದ್ದೇಶಪೂರ್ವಕ ಮರೆಮಾಚುವಿಕೆಯೆಂದಾದರೆ ತೆರಿಗೆಯಷ್ಟೇ ದಂಡ, ಅಂದರೆ ಇನ್ನೂ 14,400. ಒಟ್ಟು 33,984 ರೂಪಾಯಿ. ಲಾಭವೆಲ್ಲ ಹೋಗಿ ಗಂಟಿನಿಂದ 13,984 ರೂಪಾಯಿ ತೆರಬೇಕಾಗುತ್ತದೆ. ಒಂದು ಕಾರಿನ ಪರಿಣಾಮ ಇಷ್ಟಾದರೆ ವರ್ಷಕ್ಕೆ ಇಪ್ಪತ್ತು ಕಾರುಗಳ ಪರಿಣಾಮವನ್ನು ಊಹಿಸಿಕೊಳ್ಳಬಹುದು.

ಕಾರಿನ ಮಾಲೀಕನು ಸ್ವತಃ ವರ್ತಕನಾಗಿದ್ದರೆ ಆತನ ಲೆಕ್ಕವೂ ಇದೆ. ಕಾರು ಸಂಸ್ಥೆಯ ಹೆಸರಿನಲ್ಲಿದೆಯೆಂದು ಮಾರ್ಪಾಡಿನ ಖರ್ಚನ್ನು ರಿಪೇರಿ ಖಾತೆಗೆ ಬರೆಯುವ ಪರಿಪಾಠವಿದೆ. ಇದ್ದ ಸ್ಥಿತಿಗೆ ಮರಳಿಸುವುದು ರಿಪೇರಿ. ಇದ್ದುದಕ್ಕಿಂತ ಹೆಚ್ಚಿಸುವುದು ಬಂಡವಾಳ ವೆಚ್ಚ. ಅದರ ಮೇಲೆ ಸಿಗುವುದು ಕಾರಿಗೆ ಅನ್ವಯಿಸುವ ಶೇ. 15ರ ಸವಕಳಿ ಮಾತ್ರ. ಸ್ವಂತ ಬಳಕೆಯ ಪಾಲು ಅದಕ್ಕೂ ಅನರ್ಹ. ಒಬ್ಬರಿಗೆ ಒಂದೇ ದಿನ 10,000 ರೂಪಾಯಿ ಮೀರಿ ನಗದು ಕೊಟ್ಟಿದ್ದರೆ ಅದೂ ಲೆಕ್ಕಕ್ಕೆ ಬಾರದು. ಚಾಲಕನೂ ಸೇರಿ 13 ಅಥವಾ ಕಡಿಮೆ ಆಸನಗಳ ಕಾರಿನ ಸರ್ವಿಸ್, ದುರಸ್ತಿಗಳ ಮೇಲೆ ಕಟ್ಟಿದ ಜಿಎಸ್‌ಟಿಯ ಜಮೆಯೂ ಸಾಮಾನ್ಯ ವರ್ತಕನಿಗೆ ದೊರೆಯುವುದಿಲ್ಲ.

ಇವೆಲ್ಲಕ್ಕಿಂತ ದೊಡ್ಡದು ಅಪಘಾತದ ಹೊಣೆ. ಸಾಮಾನ್ಯ ಕಾರು ವಿಮೆಯ ಷರತ್ತುಗಳಂತೆ ರೇಸ್ ಹಾಗೂ ವೇಗ ಪರೀಕ್ಷೆಗಳಿಗೆ ರಕ್ಷಣೆಯಿಲ್ಲ. ತಯಾರಕನು ಕೊಡದ ವಿದ್ಯುನ್ಮಾನ ಸಾಧನಗಳನ್ನು ಪ್ರತ್ಯೇಕವಾಗಿ ಘೋಷಿಸಿ ಹೆಚ್ಚುವರಿ ಕಂತು ಕಟ್ಟಬೇಕು. ಘೋಷಿಸದ ಮಾರ್ಪಾಡು ಕಂಡುಬಂದರೆ ಸ್ವಂತ ಹಾನಿಯ ಪರಿಹಾರಕ್ಕೆ ವಿಮಾ ಕಂಪೆನಿಯು ಆಕ್ಷೇಪ ಎತ್ತಲು ಅವಕಾಶವಾಗುತ್ತದೆ. ಮೂರನೆಯ ವ್ಯಕ್ತಿಗೆ ಪೆಟ್ಟಾದಾಗ, ಪಾಲಿಸಿಯ ಷರತ್ತು ಮುರಿದಿದ್ದ ಪ್ರಕರಣಗಳಲ್ಲಿ ಕಂಪೆನಿಯು ಮೊದಲು ಪರಿಹಾರ ಕೊಟ್ಟು ಬಳಿಕ ಮಾಲೀಕನಿಂದ ವಸೂಲು ಮಾಡಿಕೊಳ್ಳುವಂತೆ ಆದೇಶಗಳಾದ ನಿದರ್ಶನಗಳಿವೆ. ಅನೇಕ ಭಾಗಗಳ ಪೆಟ್ಟಿಗೆಯ ಮೇಲೆ ‘ಸ್ಪರ್ಧೆಯ ಬಳಕೆಗೆ ಮಾತ್ರ’ ಎಂದು ಅಚ್ಚಾಗಿರುತ್ತದೆ. ಆ ಒಂದು ಸಾಲಿನಿಂದ ತಯಾರಕನು ತನ್ನ ಹೊಣೆಯನ್ನು ಕೆಳಕ್ಕೆ ದಾಟಿಸಿರುತ್ತಾನೆ. ಬೆಂಗಳೂರಿನ ಮಾರಾಟಗಾರನು ಅದನ್ನು ತನ್ನ ಬಿಲ್ಲಿನಲ್ಲಿ ಮತ್ತೊಮ್ಮೆ ನಮೂದಿಸಿ ಕೈತೊಳೆದುಕೊಳ್ಳಬಹುದು. ಕೊನೆಗೆ ಯಾವ ಕಾಗದವೂ ಇಲ್ಲದೆ ಉಳಿಯುವವನು ಸ್ಪ್ಯಾನರ್ ಹಿಡಿದ ಊರಿನ ಮೆಕ್ಯಾನಿಕ್.

ಆಕ್ಷೇಪವೂ ಉತ್ತರವೂ

ಈ ಕಾನೂನು ಅತಿ ಬಿಗಿಯೆಂದು ಉತ್ಸಾಹಿಗಳು ಹೇಳುವ ಮಾತಿನಲ್ಲಿ ಹುರುಳಿಲ್ಲದಿಲ್ಲ. ಉತ್ತಮ ಬ್ರೇಕು ಜೋಡಿಸಿದವನನ್ನೂ ಹೊಗೆ ಶುದ್ಧೀಕರಣದ ಸಾಧನವನ್ನು ಕಿತ್ತವನನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ನ್ಯಾಯವಲ್ಲ. ಜರ್ಮನಿಯಲ್ಲಿ ಬಿಡಿಭಾಗಕ್ಕೆ ಪರೀಕ್ಷಾ ಸಂಸ್ಥೆಯ ಪ್ರಮಾಣಪತ್ರವಿರುತ್ತದೆ. ಜೋಡಿಸಿದ ಬಳಿಕ ತಜ್ಞರು ವಾಹನವನ್ನು ಪರಿಶೀಲಿಸಿ ಅದರ ದಾಖಲೆಯಲ್ಲಿ ನಮೂದಿಸುತ್ತಾರೆ. ಭಾರತದಲ್ಲೂ ಇಂಥ ಕ್ರಮ ಅಪರಿಚಿತವಲ್ಲ. ಅನುಮೋದಿತ ಸಿಎನ್‌ಜಿ ಕಿಟ್ ಜೋಡಿಸಿ ನೋಂದಣಿ ಪತ್ರದಲ್ಲಿ ನಮೂದಿಸಲು 52ನೆಯ ಕಲಮೇ ಅವಕಾಶ ಕೊಟ್ಟಿದೆ. ಇಂಧನ ಬದಲಾವಣೆಗೆ ಇರುವ ದಾರಿಯು, ಪ್ರಮಾಣೀಕೃತವಾದ ಇತರ ಭಾಗಗಳಿಗೂ ತೆರೆಯಬೇಕೆಂದು ವಾಣಿಜ್ಯ ಸಂಸ್ಥೆಗಳು ಕೇಂದ್ರ ಸಾರಿಗೆ ಸಚಿವಾಲಯವನ್ನು ಒತ್ತಾಯಿಸುವುದು ಯುಕ್ತ. ಆದರೆ ಕಾನೂನು ಬದಲಾಗುವವರೆಗೆ ಅದು ಇಲ್ಲವೆಂಬಂತೆ ವ್ಯಾಪಾರ ಮಾಡುವುದು ಯುಕ್ತವಲ್ಲ.

ಅಲ್ಲಿಯವರೆಗೆ ಮಾಡಬಹುದಾದ ಕೆಲಸಗಳು ಕಡಿಮೆಯೇನಲ್ಲ. ಮೂರೂ ತಾಲೂಕುಗಳ ವರ್ತಕ ಹಾಗೂ ಗ್ಯಾರೇಜು ಮಾಲೀಕರ ಸಂಘಗಳು ಪುತ್ತೂರಿನ ಪ್ರಾದೇಶಿಕ ಸಾರಿಗೆ ಕಚೇರಿಯನ್ನು ಕಂಡು, ಯಾವ ಬದಲಾವಣೆಗೆ ಅನುಮತಿ ಬೇಕು, ಯಾವುದಕ್ಕೆ ಬೇಡ, ಯಾವುದು ಸರ್ವಥಾ ಸಲ್ಲದು ಎಂಬ ಪಟ್ಟಿಯನ್ನು ಲಿಖಿತವಾಗಿ ಕೋರಬೇಕು. ಪ್ರತಿ ಗ್ಯಾರೇಜೂ ಒಂದು ಪುಟದ ಘೋಷಣಾ ಪತ್ರವನ್ನು ಬಿಲ್ಲಿನೊಡನೆ ಇಡಬೇಕು. ಅದರಲ್ಲಿ ಜೋಡಿಸಿದ ಭಾಗ, ತೆಗೆದ ಮೂಲ ಭಾಗವನ್ನು ಮಾಲೀಕನಿಗೆ ಮರಳಿಸಿದ ಬಗ್ಗೆ, ವಿಮೆ ಹಾಗೂ ನೋಂದಣಿಯ ಕುರಿತು ತಿಳಿಸಿದ ಬಗ್ಗೆ ವಿವರಗಳಿದ್ದು ಮಾಲೀಕನ ಸಹಿಯಿರಬೇಕು. ಈ ಪತ್ರವು ಕಾನೂನುಬಾಹಿರ ಕೆಲಸವನ್ನು ಸಕ್ರಮಗೊಳಿಸದು, ಗಾಯಗೊಂಡ ಮೂರನೆಯ ವ್ಯಕ್ತಿಯ ಹಕ್ಕನ್ನೂ ಕಸಿಯದು. ಆದ್ದರಿಂದ ಸಲ್ಲದ ಕೆಲಸವನ್ನು ಪತ್ರವಿದೆಯೆಂದು ಒಪ್ಪಿಕೊಳ್ಳದೆ ನಿರಾಕರಿಸಬೇಕು. ಹಳೆಯ ಕಾರು ಕೊಳ್ಳುವಾಗ ಮಾರುವವನಿಂದ ಇಂಥದೇ ಘೋಷಣೆ ಪಡೆಯಬೇಕು. ಅಡಿಕೆ ಸುಲಿಯುವ ಯಂತ್ರದಂಥ ಸಾಧನಗಳನ್ನು ತಯಾರಿಸುವ ಸಣ್ಣ ಘಟಕಗಳು ಬಿಡುವಿನ ವೇಳೆಯಲ್ಲಿ ಹೊಗೆಕೊಳವೆ ಬೆಸೆದುಕೊಡುವ ಮೊದಲು, ವಾಹನದ ಭಾಗಗಳಿಗೆ ನಿಗದಿತ ಮಾನಕಗಳಿವೆಯೆಂಬುದನ್ನು ನೆನೆಯಬೇಕು.

ವ್ಯಾಪಾರದ ದೃಷ್ಟಿಯಿಂದಲೂ ನಿಜವಾದ ಅವಕಾಶ ಇರುವುದು ಬೇರೆಡೆ. ಉತ್ತಮ ಟಯರು, ಬ್ರೇಕ್ ಪ್ಯಾಡು, ಸವೆದ ಸಸ್ಪೆನ್ಷನ್ನಿನ ದುರಸ್ತಿ, ಚಕ್ರಗಳ ಅಲೈನ್‌ಮೆಂಟ್, ಸಕಾಲದಲ್ಲಿ ಎಣ್ಣೆ ಬದಲಾವಣೆ ಇವು ಟರ್ಬೊ ಕಾರಿಗೆ ಪದೇ ಪದೇ ಬೇಕಾಗುವಂಥವು, ಕಾನೂನಿನ ಚೌಕಟ್ಟಿನೊಳಗಿನವು, ಗ್ರಾಹಕನನ್ನು ಮರಳಿ ಕರೆತರುವಂಥವು. ರೀಮ್ಯಾಪ್ ಒಂದು ಬಾರಿಯ ಆದಾಯ; ಸರ್ವಿಸ್ ಪ್ರತಿವರ್ಷದ್ದು. ಅಶ್ವಶಕ್ತಿಯನ್ನು ಬಯಸುವ ಯುವಕನಿಗೆ ಮೊದಲು ಬ್ರೇಕು ತೋರಿಸಿ, ಬಳಿಕ ನಿಯಮವನ್ನು ವಿವರಿಸಿ, ಕೊನೆಗೆ ರಸೀದಿ ಬರೆದುಕೊಡುವ ಗ್ಯಾರೇಜಿಗೆ ಇಂದು ಒಂದಿಬ್ಬರು ಗ್ರಾಹಕರು ತಪ್ಪಬಹುದು. ಆದರೆ ಹತ್ತು ವರ್ಷಗಳ ಬಳಿಕ ಬಾಗಿಲು ತೆರೆದೇ ಇರುವ ಗ್ಯಾರೇಜೂ ಅದೇ ಆಗಿರುತ್ತದೆ.