ನಾಯಿ ನೀರು ಕುಡಿದರೆ ರೇಬಿಸ್ ಇಲ್ಲ ಅಂತ ಅರ್ಥವೇ? ನಾಯಿಗಳ ಆಶ್ರಯತಾಣದಿಂದ ಒಂದಿಷ್ಟು ಸಂಗತಿಗಳು

"ಕಚ್ಚಿದ ನಾಯಿಯ ಮುಂದೆ ಒಂದು ಬಟ್ಟಲು ನೀರಿಡಿ. ಕುಡಿದರೆ ಭಯ ಬೇಡ. ನೀರು ಕಂಡು ಹೆದರಿದರೆ ಮಾತ್ರ ಆಸ್ಪತ್ರೆಗೆ ಓಡಿ." ಈ ಅರ್ಥದ ಸಂದೇಶ ನಿಮ್ಮ ಫ್ಯಾಮಿಲಿ ಗ್ರೂಪಿಗೂ ಬಂದಿರಬಹುದು. ಬೆಂಗಳೂರಿನ ಹೊರವಲಯದ ಒಂದು ಆಶ್ರಯತಾಣದಲ್ಲಿ ನಾಯಿಗಳನ್ನು ನೋಡಿಕೊಳ್ಳುವ ನಮಗೆ ಇದು ಆಗಾಗ ಬರುತ್ತಲೇ ಇರುತ್ತದೆ. ಕಳಿಸಿದವರು ಕೆಳಗೆ "ನಿಜಾನಾ?" ಅಂತ ಕೇಳಿರುತ್ತಾರೆ. ನಿಜವಲ್ಲ. ನಂಬಿದರೆ ಜೀವಕ್ಕೇ ಅಪಾಯ.

ನೀರು ಕಂಡರೆ ಬೆದರುವುದು ರೇಬಿಸ್ ಬಂದ ಮನುಷ್ಯರಲ್ಲಿ ಕಾಣುವ ಲಕ್ಷಣ. ನುಂಗಲು ಹೋದಾಗ ಗಂಟಲಿನ ಸ್ನಾಯುಗಳು ಬಿಗಿದು ಹಿಡಿಯುವುದರಿಂದ ಹಾಗಾಗುತ್ತದೆ. ನಾಯಿಗಳಿಗೆ ಆ ಭಯ ಇರುವುದಿಲ್ಲ. ರೇಬಿಸ್ ಬಂದ ನಾಯಿಯೂ ನೀರಿಗೆ ಬಾಯಿ ಹಾಕುತ್ತದೆ, ನುಂಗಲು ಆಗದೇ ಇರಬಹುದು ಅಷ್ಟೇ. ಹಾಗಾಗಿ ಬಟ್ಟಲಿನ ಪರೀಕ್ಷೆಯಿಂದ ಏನೂ ಗೊತ್ತಾಗುವುದಿಲ್ಲ. ಅದಕ್ಕೆ ಕಾಯುವ ಹೊತ್ತು ಮಾತ್ರ ವ್ಯರ್ಥ.

ನಮ್ಮ ದಿನ ಬೆಳಿಗ್ಗೆ ಆರಕ್ಕೆ ಶುರುವಾಗುತ್ತದೆ. ಮೊದಲು ಪೊರಕೆ ಹಿಡಿಯುವುದಿಲ್ಲ, ಸುಮ್ಮನೆ ನೋಡುತ್ತೇವೆ. ನಿನ್ನೆ ಬಾಲ ಆಡಿಸಿಕೊಂಡು ಬಂದವನು ಇವತ್ತು ಮೂಲೆಯಲ್ಲೇ ಮಲಗಿದ್ದಾನೆಯೇ? ಯಾರ ಬಟ್ಟಲು ಖಾಲಿಯಾಗಿಲ್ಲ? ಮಲ ಗಟ್ಟಿಯೋ, ನೀರೋ, ಅದರಲ್ಲಿ ರಕ್ತ ಇದೆಯೋ? ಅಸಹ್ಯ ಅನ್ನಬೇಡಿ, ಬಾಯಿಲ್ಲದ ಪ್ರಾಣಿಯ ಸುದ್ದಿಪತ್ರಿಕೆ ಅದು. ಆಮೇಲೆ ಸ್ವಚ್ಛತೆ. ಅದಕ್ಕೊಂದು ಕ್ರಮ ಇದೆ: ಮೊದಲು ಮರಿಗಳು, ಆಮೇಲೆ ಆರೋಗ್ಯವಾಗಿರುವ ದೊಡ್ಡವು, ಕೊನೆಗೆ ಸಾಂಕ್ರಾಮಿಕ ರೋಗದವು. ತಿರುಗಾ ಮುರುಗಾ ಮಾಡಿದರೆ ನಮ್ಮ ಬೂಟಿನ ಅಡಿಯಲ್ಲೇ ಪಾರ್ವೊ ಮರಿಗಳ ಹತ್ತಿರ ಹೋಗುತ್ತದೆ. ಲಸಿಕೆ ಆಗದ ಮರಿಗಳಿಗೆ ಪಾರ್ವೊ ಬಂದರೆ ಎರಡು ಮೂರು ದಿನದಲ್ಲೇ ಸಾಯುವುದುಂಟು. ಆ ವೈರಸ್ ನೆಲದಲ್ಲಿ ತಿಂಗಳುಗಟ್ಟಲೆ ಬದುಕಿರುತ್ತದೆ. ಅದಕ್ಕೆ ಕೊಬ್ಬಿನ ಹೊದಿಕೆ ಇಲ್ಲ, ಆದ್ದರಿಂದ ಸೋಪಿಗೆ ಜಗ್ಗುವುದಿಲ್ಲ. ಬ್ಲೀಚಿಂಗ್ ದ್ರಾವಣವೇ ಬೇಕು.

ರೇಬಿಸ್ ವೈರಸ್ಸಿನದು ಇದಕ್ಕೆ ಉಲ್ಟಾ. ಅದಕ್ಕೆ ಕೊಬ್ಬಿನ ಹೊದಿಕೆ ಇದೆ, ಸೋಪು ಅದನ್ನು ಒಡೆಯುತ್ತದೆ. ಕಚ್ಚಿದ ಗಾಯವನ್ನು ಸೋಪು ಹಚ್ಚಿ, ಹರಿಯುವ ನೀರಿನಲ್ಲಿ 15 ನಿಮಿಷ ತೊಳೆಯಿರಿ ಅಂತ ವೈದ್ಯರು ಹೇಳುವುದು ಇದಕ್ಕೇ. ಖಾರದ ಪುಡಿ, ಸುಣ್ಣ, ಅರಿಶಿನ, ಕಾಫಿ ಪುಡಿ ಮೆತ್ತಿಕೊಂಡು ಬರುವವರನ್ನು ನಾವು ನೋಡಿದ್ದೇವೆ. ಇವು ವೈರಸ್ಸನ್ನು ಕೊಲ್ಲುವುದಿಲ್ಲ. ಖಾರ, ಸುಣ್ಣ ಗಾಯವನ್ನು ಇನ್ನಷ್ಟು ಕೆಡಿಸುತ್ತವೆ.

ಕಳೆದ ಮಳೆಗಾಲದಲ್ಲಿ ಒಬ್ಬರು ತಮ್ಮ ನಾಯಿಯನ್ನು ಆಟೋದಲ್ಲಿ ಕರೆತಂದರು. "ಗಂಟಲಲ್ಲಿ ಮೂಳೆ ಸಿಕ್ಕಿಕೊಂಡಿದೆ, ಎರಡು ದಿನದಿಂದ ಊಟ ಇಲ್ಲ" ಅಂದರು. ಕೆಳದವಡೆ ಜೋತುಬಿದ್ದಿತ್ತು, ಜೊಲ್ಲು ಸುರಿಯುತ್ತಿತ್ತು. ಬೊಗಳಲಿಲ್ಲ, ಯಾರ ಮೇಲೂ ಎರಗಲಿಲ್ಲ, ಒಂದೇ ಕಡೆ ಪೆಚ್ಚಾಗಿ ಕೂತಿತ್ತು. ಮೂಳೆ ಸಿಗುತ್ತದಾ ಅಂತ ಅವರು ಮನೆಯಲ್ಲೇ ಬಾಯೊಳಗೆ ಕೈ ಹಾಕಿ ನೋಡಿದ್ದರು. ಬೆರಳಲ್ಲಿ ತರಚು ಗಾಯ. "ಕಚ್ಚಿಲ್ಲ ಬಿಡಿ ಸಾರ್, ನನ್ನನ್ನ ಯಾವತ್ತೂ ಕಚ್ಚಲ್ಲ."

ನಾವು ಮೊದಲು ಮಾಡಿದ್ದು ಅವರನ್ನು ನಲ್ಲಿ ಹತ್ತಿರ ನಿಲ್ಲಿಸಿ ಕೈ ತೊಳೆಸುವುದು. ಹುಚ್ಚು ನಾಯಿ ಅಂದ ಕೂಡಲೇ ಬೀದಿ ತುಂಬ ಓಡುತ್ತ ಕಂಡಕಂಡವರಿಗೆ ಬಾಯಿ ಹಾಕುವ ನಾಯಿ ಕಣ್ಣಮುಂದೆ ಬರುತ್ತದೆ. ಆದರೆ ರೇಬಿಸ್‌ಗೆ ಇನ್ನೊಂದು ರೂಪ ಇದೆ, ಅದರಲ್ಲಿ ನಾಯಿ ಮೆತ್ತಗಾಗಿ ದವಡೆಗೆ ಲಕ್ವ ಹೊಡೆಯುತ್ತದೆ. ನೋಡಿದವರಿಗೆ ಮೂಳೆ ಸಿಕ್ಕಿದ ಹಾಗೇ ಕಾಣುತ್ತದೆ. ಹಲ್ಲು ತಾಗಬೇಕೆಂದೇನಿಲ್ಲ. ತೆರೆದ ಗಾಯಕ್ಕೆ, ಕಣ್ಣಿಗೆ, ಬಾಯಿಗೆ ಜೊಲ್ಲು ತಾಗಿದರೂ ಅದು ಮೇಲ್ದರ್ಜೆಯ ಅಪಾಯವೇ. ಲಸಿಕೆಯ ಜೊತೆ ಇಮ್ಯುನೊಗ್ಲಾಬ್ಯುಲಿನ್ ಕೂಡ ಬೇಕಾಗುತ್ತದೆ. ನಾಯಿ ಎರಡನೇ ದಿನ ಸತ್ತಿತು. ಬದುಕಿರುವ ನಾಯಿಯಲ್ಲಿ ಈ ರೋಗವನ್ನು ಖಚಿತಪಡಿಸಿಕೊಳ್ಳುವುದು ಕಷ್ಟ. ಸತ್ತ ಮೇಲೆ ಮಿದುಳಿನ ಪರೀಕ್ಷೆಯಿಂದಲೇ ತಿಳಿಯಬೇಕು, ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ಅದಕ್ಕೆಂದೇ ಪ್ರಯೋಗಾಲಯ ಇದೆ. ವರದಿಯಲ್ಲಿ ರೇಬಿಸ್ ಅಂತಲೇ ಬಂತು. ಅಷ್ಟರಲ್ಲಿ ಅವರು ಎರಡು ಡೋಸ್ ತೆಗೆದುಕೊಂಡಾಗಿತ್ತು. ಈಗ ಚೆನ್ನಾಗಿದ್ದಾರೆ.

ಇದರ ಇನ್ನೊಂದು ಮುಖವೂ ಇದೆ. ಬಾಯಿಯಲ್ಲಿ ನೊರೆ ಬಂದ, ಫಿಟ್ಸ್ ಬಂದ ನಾಯಿಗಳೆಲ್ಲ ಹುಚ್ಚು ನಾಯಿಗಳಲ್ಲ. ಡಿಸ್ಟೆಂಪರ್ ಅಂತ ಒಂದು ಕಾಯಿಲೆ ಇದೆ, ಚೂಯಿಂಗ್ ಗಮ್ ಜಗಿದ ಹಾಗೆ ದವಡೆ ಆಡಿಸುತ್ತ ಬಿದ್ದು ಒದ್ದಾಡುತ್ತವೆ. ಅದು ಮನುಷ್ಯರಿಗೆ ಬರುವುದಿಲ್ಲ. ಆದರೂ ಹುಚ್ಚು ಅಂತ ಕಲ್ಲು ಹೊಡೆಸಿಕೊಂಡೇ ಎಷ್ಟೋ ನಾಯಿಗಳು ನಮ್ಮಲ್ಲಿಗೆ ಬರುತ್ತವೆ. ಎರಡರ ವ್ಯತ್ಯಾಸ ಬೀದಿಯಲ್ಲಿ ನಿಂತು ಹೇಳಲು ನಮಗೂ ಬರುವುದಿಲ್ಲ. ದೂರ ನಿಂತು ಫೋನ್ ಮಾಡಿ.

ನಾವೆಲ್ಲ ಕೆಲಸಕ್ಕೆ ಸೇರುವಾಗಲೇ ಮುನ್ನೆಚ್ಚರಿಕೆಯ ಮೂರು ಚುಚ್ಚುಮದ್ದು ಹಾಕಿಸಿಕೊಂಡವರು. ಹಾಗಿದ್ದರೂ ಕಚ್ಚಿದರೆ ಅದೇ ದಿನ ಒಂದು, ಮೂರನೇ ದಿನ ಇನ್ನೊಂದು ಹಾಕಿಸಿಕೊಳ್ಳುತ್ತೇವೆ. ಹೊಕ್ಕುಳ ಸುತ್ತ 14 ಇಂಜೆಕ್ಷನ್ ಅಂತ ಹೆದರಿ ಮುಚ್ಚಿಡುವವರು ಈಗಲೂ ಇದ್ದಾರೆ. ಆ ಹಳೆಯ ಲಸಿಕೆ ಭಾರತದಲ್ಲಿ ನಿಂತು ಸುಮಾರು ಎರಡು ದಶಕ ಆಯಿತು. ಈಗಿನದು ತೋಳಿಗೆ, ನಾಲ್ಕೈದು ಸಲ, ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ. ಕಚ್ಚಿದ ನಾಯಿ ಕಣ್ಣಿಗೆ ಸಿಗುವಂತಿದ್ದರೆ 10 ದಿನ ನೋಡಿ ಅನ್ನುತ್ತಾರೆ, ಆದರೆ ಲಸಿಕೆ ಶುರು ಮಾಡಿಕೊಂಡೇ ನೋಡಬೇಕು. ಕಿವಿ ಕತ್ತರಿಸಿದ ನಾಯಿ ಸೇಫ್ ಅನ್ನುವುದೂ ಅರ್ಧ ಸತ್ಯ. ಕಿವಿಯ ಗುರುತು ಅಂದರೆ ಸಂತಾನಹರಣ ಆಗಿದೆ, ಆಗೊಮ್ಮೆ ಲಸಿಕೆಯೂ ಬಿದ್ದಿದೆ ಅಂತ. ಆದರೆ ರೇಬಿಸ್ ಲಸಿಕೆ ಮತ್ತೆ ಮತ್ತೆ ಕೊಡಬೇಕಾದದ್ದು, ಕೊನೆಯದು ಯಾವಾಗ ಆಯಿತು ಅಂತ ಕಿವಿ ಹೇಳುವುದಿಲ್ಲ.

"ಎಲ್ಲವನ್ನೂ ಹಿಡಿದು ಶೆಲ್ಟರ್‌ಗೆ ಹಾಕಿಬಿಡಿ" ಅನ್ನುವ ಸಂದೇಶಗಳೂ 2025ರಿಂದ ಜೋರಾಗಿವೆ. ಆ ವರ್ಷ ಆಗಸ್ಟ್ 11ರಂದು ಸುಪ್ರೀಂ ಕೋರ್ಟ್ ದೆಹಲಿ ಸುತ್ತಲಿನ ನಾಯಿಗಳ ಬಗ್ಗೆ ಹಾಗೇ ಹೇಳಿತ್ತು. ಆಗಸ್ಟ್ 22ರಂದು ಬದಲಾಯಿಸಿ, ರೇಬಿಸ್ ಇರುವ ಮತ್ತು ಮೇಲೆರಗುವ ನಾಯಿಗಳನ್ನು ಬಿಟ್ಟು ಉಳಿದವನ್ನು ಸಂತಾನಹರಣ, ಲಸಿಕೆ ಮಾಡಿ ಅದೇ ಜಾಗಕ್ಕೆ ಬಿಡಿ ಅಂದಿತು. ನವೆಂಬರ್‌ನಲ್ಲಿ ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣದಂಥ ಜಾಗಗಳ ನಾಯಿಗಳನ್ನು ಮಾತ್ರ ಮರಳಿ ಬಿಡಬಾರದು ಅಂದಿತು. ಮೊದಲನೇ ಆದೇಶ ಮಾತ್ರ ಇನ್ನೂ ಫಾರ್ವರ್ಡ್ ಆಗುತ್ತಿದೆ. ಮಗುವಿಗೆ ಕಚ್ಚಿಸಿಕೊಂಡ ತಾಯಿಯ ಸಿಟ್ಟು ನಮಗೆ ಅರ್ಥವಾಗುತ್ತದೆ, ಅವರೊಡನೆ ನಾವು ವಾದ ಮಾಡುವುದಿಲ್ಲ. ಆದರೆ ಬೆಂಗಳೂರು ಒಂದರಲ್ಲೇ 2023ರ ಸಮೀಕ್ಷೆ ಪ್ರಕಾರ ಸುಮಾರು 2.79 ಲಕ್ಷ ಬೀದಿನಾಯಿಗಳಿವೆ. ನಮ್ಮ ಆಶ್ರಯತಾಣದಲ್ಲಿ ನಾವು ಆರು ಜನ. ಒಂದು ಮರಿಗೆ ಪಾರ್ವೊ ಬಂದ ವಾರ, ಬ್ಲೀಚಿಂಗ್ ಬಕೆಟ್ಟು ಹಿಡಿದು ರಾತ್ರಿ ಹತ್ತರವರೆಗೂ ನೆಲ ಉಜ್ಜುತ್ತಿರುತ್ತೇವೆ.