ಕಡಲ ಕಾವಲಿಗೂ ಒಂದು ಕಟ್ಟುಪಾಡು ಬೇಕು

ಅಮೆರಿಕದ ಈಶಾನ್ಯ ಅಂಚಿನಲ್ಲಿರುವ ಮೇನ್ ರಾಜ್ಯದ ಶಾಸನಸಭೆಯ ಮುಂದೆ 2018ರಲ್ಲಿ ಒಂದು ಮಸೂದೆ ಬಂದಿತು. ಕಳ್ಳ ಮೀನುಗಾರಿಕೆಯ ಶಂಕೆಯಿರುವ ಲಾಬ್‌ಸ್ಟರ್ ದೋಣಿಗೆ, ಅದರ ಮಾಲೀಕನಿಗೆ ತಿಳಿಯದಂತೆ, ಜಿಪಿಎಸ್ ಸಾಧನವನ್ನು ಅಳವಡಿಸಲು ಕಡಲ ಗಸ್ತು ಪಡೆಗೆ ಅಧಿಕಾರ ನೀಡುವುದು ಅದರ ಉದ್ದೇಶ. ಇದಕ್ಕೆ ನ್ಯಾಯಾಧೀಶರ ವಾರಂಟು ಬೇಕಿಲ್ಲ, ಇಲಾಖೆಯ ಮುಖ್ಯಸ್ಥರ ಒಪ್ಪಿಗೆಯೇ ಸಾಕು ಎಂಬುದು ಚರ್ಚೆಯ ಕೇಂದ್ರಬಿಂದುವಾಯಿತು. ಎಲ್ಲೋ ದೂರದ ಕಡಲಿನ ಸಂಗತಿ ಎಂದು ಇದನ್ನು ಬದಿಗಿಡುವಂತಿಲ್ಲ. ನಮ್ಮ ಕರಾವಳಿಯ ಬೋಟುಗಳ ಮೇಲೂ ಈಗ ಉಪಗ್ರಹದ ಕಣ್ಣು ನೆಟ್ಟಿದೆ.

ಮೊದಲು ಸರ್ಕಾರದ ಪಕ್ಷವನ್ನು ನ್ಯಾಯವಾಗಿ ಆಲಿಸೋಣ. ಮೇನ್‌ನಲ್ಲಿ ಒಬ್ಬ ಮೀನುಗಾರ 800ಕ್ಕಿಂತ ಹೆಚ್ಚು ಬೋನುಗಳನ್ನು ನೀರಿಗಿಳಿಸುವಂತಿಲ್ಲ. ಮೊಟ್ಟೆ ಹೊತ್ತ ಹೆಣ್ಣು ಲಾಬ್‌ಸ್ಟರ್ ಸಿಕ್ಕರೆ ಅದರ ಬಾಲದಲ್ಲಿ ಒಂದು ಗುರುತು ಕತ್ತರಿಸಿ ಮರಳಿ ಕಡಲಿಗೆ ಬಿಡಬೇಕು. ಈ ಕಟ್ಟುಪಾಡುಗಳನ್ನು ಪಾಲಿಸಿದ್ದರಿಂದಲೇ ಅಲ್ಲಿನ ಕಸುಬು ತಲೆಮಾರುಗಳ ಕಾಲ ಉಳಿದು ಬಂದಿದೆ. ಆದರೆ ದಡದಿಂದ ಹತ್ತಾರು ಮೈಲಿ ಆಚೆ, ಮಂಜು ಮುಸುಕಿದ ಕಡಲಿನಲ್ಲಿ, ಯಾರು ಎಷ್ಟು ಬೋನು ಇಳಿಸಿದರೆಂದು ಎಣಿಸುವವರಾರು? ಬೆರಳೆಣಿಕೆಯ ಗಸ್ತು ದೋಣಿಗಳಿಂದ ಆಗುವ ಕೆಲಸ ಅದಲ್ಲ. ಗಸ್ತು ದೋಣಿ ಕಣ್ಣಿಗೆ ಬಿದ್ದೊಡನೆ ಕಳ್ಳನೂ ಸಾಧುವಾಗಿಬಿಡುತ್ತಾನೆ.

ಅರ್ಥಶಾಸ್ತ್ರದ ವಿದ್ಯಾರ್ಥಿಗಳಿಗೆ ಇದು ಪರಿಚಿತ ಸಮಸ್ಯೆ. ಎಲ್ಲರಿಗೂ ಸೇರಿದ ಸಂಪತ್ತಿನಲ್ಲಿ ಒಬ್ಬ ಹೆಚ್ಚಿಗೆ ದೋಚಿದರೆ ಲಾಭ ಅವನೊಬ್ಬನದು, ನಷ್ಟ ಎಲ್ಲರದು. ಕಾನೂನುಬಾಹಿರವಾಗಿ, ಲೆಕ್ಕಕ್ಕೆ ಸಿಗದಂತೆ ಜಗತ್ತಿನಲ್ಲಿ ಪ್ರತಿವರ್ಷ ಹಿಡಿಯುವ ಮೀನಿನ ಪ್ರಮಾಣ 1.1 ಕೋಟಿಯಿಂದ 2.6 ಕೋಟಿ ಟನ್ ಎಂದು 2009ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಂದಾಜಿಸಿತ್ತು. ಇದರ ಬೆಲೆ ತೆರುವವನು ನಿಯಮ ಪಾಲಿಸುವ ಮೀನುಗಾರನೇ. ಆದ್ದರಿಂದ ಕಾವಲು ಬೇಕು ಎಂಬುದರಲ್ಲಿ ಎರಡು ಮಾತಿಲ್ಲ. ಪ್ರಶ್ನೆ ಇರುವುದು ಆ ಕಾವಲುಗಾರನನ್ನು ಕಾಯುವವರು ಯಾರು ಎಂಬುದರಲ್ಲಿ.

ಅಮೆರಿಕದ ನ್ಯಾಯಾಲಯಗಳು ಈ ಪ್ರಶ್ನೆಗೆ ಒಂದೇ ದನಿಯಲ್ಲಿ ಉತ್ತರಿಸಿಲ್ಲ. ಶಂಕಿತನೊಬ್ಬನ ಕಾರಿಗೆ ಪೊಲೀಸರು ಜಿಪಿಎಸ್ ಅಂಟಿಸಿ 28 ದಿನ ಹಿಂಬಾಲಿಸಿದ ಜೋನ್ಸ್ ಪ್ರಕರಣದಲ್ಲಿ, ಅದು ಸಂವಿಧಾನದ 4ನೇ ತಿದ್ದುಪಡಿಯ ಅರ್ಥದಲ್ಲಿ ಶೋಧನೆಯೇ ಸರಿ ಎಂದು ಅಲ್ಲಿನ ಸುಪ್ರೀಂ ಕೋರ್ಟು 2012ರಲ್ಲಿ ಒಮ್ಮತದಿಂದ ಹೇಳಿತು. ಆದರೆ ದೋಣಿಗಳ ವಿಷಯ ಬಂದಾಗ ಬೇರೊಂದು ವಾದ ಎದುರಾಗುತ್ತದೆ. ಸರ್ಕಾರದ ಬಿಗಿ ನಿಯಂತ್ರಣದಲ್ಲಿರುವ ಉದ್ಯಮಕ್ಕೆ ಕಾಲಿಡುವವನು ತಪಾಸಣೆಗೂ ಒಪ್ಪಿಯೇ ಕಾಲಿಟ್ಟಿರುತ್ತಾನೆ, ಅಲ್ಲಿ ವಾರಂಟು ಅನಗತ್ಯ ಎಂಬುದೇ ಆ ವಾದ. ಫೆಡರಲ್ ಪರವಾನಗಿಯ ಲಾಬ್‌ಸ್ಟರ್ ದೋಣಿಗಳೆಲ್ಲ 2023ರ ಡಿಸೆಂಬರ್‌ನಿಂದ ಬಹಿರಂಗ ಟ್ರ್ಯಾಕರ್ ಹೊಂದಿರಬೇಕೆಂಬ ನಿಯಮವನ್ನು ಮೇನ್‌ನ ಮೀನುಗಾರರು ಪ್ರಶ್ನಿಸಿದಾಗ, ಅಲ್ಲಿನ ಫೆಡರಲ್ ಜಿಲ್ಲಾ ನ್ಯಾಯಾಲಯ 2024ರಲ್ಲಿ ಇದೇ ವಾದವನ್ನು ಎತ್ತಿಹಿಡಿದು ದಾವೆಯನ್ನು ವಜಾ ಮಾಡಿತು. ಇದಕ್ಕೆ ಮುನ್ನ, 2023ರ ಫೆಬ್ರುವರಿಯಲ್ಲಿ, ಮೆಕ್ಸಿಕೊ ಕೊಲ್ಲಿಯಲ್ಲಿ ಪ್ರವಾಸಿಗರನ್ನು ಮೀನು ಹಿಡಿಯಲು ಕರೆದೊಯ್ಯುವ ದೋಣಿಗಳ ಮೇಲೆ ಹೇರಿದ್ದ ಇಂಥದೇ ನಿಯಮವನ್ನು ಐದನೇ ಸರ್ಕಿಟ್ ಮೇಲ್ಮನವಿ ನ್ಯಾಯಾಲಯ ರದ್ದುಪಡಿಸಿತ್ತು. ಅಂಥ ಅಧಿಕಾರವನ್ನು ಮೂಲ ಕಾಯ್ದೆಯೇ ಕೊಟ್ಟಿಲ್ಲ, ಜನರ ಖಾಸಗಿತನದ ಆಕ್ಷೇಪಕ್ಕೆ ಇಲಾಖೆ ಸರಿಯಾಗಿ ಉತ್ತರಿಸಿಯೂ ಇಲ್ಲ ಎಂಬುದು ಆ ಪೀಠದ ನಿಲುವು.

ಈ ಎರಡು ತೀರ್ಪುಗಳ ನಡುವೆ ನಾವು ಗಮನಿಸಬೇಕಾದ ಗೆರೆಯೊಂದಿದೆ. ಎಲ್ಲ ದೋಣಿಗಳಿಗೂ ಸಮನಾಗಿ, ಬಹಿರಂಗವಾಗಿ, ಪರವಾನಗಿಯ ಷರತ್ತಾಗಿ ಅಳವಡಿಸುವ ಸಾಧನ ಒಂದು ಬಗೆಯದು. ಯಾರೋ ಒಬ್ಬನ ಮೇಲೆ ಶಂಕೆಗೊಂಡು ರಾತ್ರೋರಾತ್ರಿ ಅವನ ದೋಣಿಗೆ ಅಡಗಿಸಿಡುವ ಸಾಧನ ಇನ್ನೊಂದು ಬಗೆಯದು. ಮೊದಲನೆಯದು ನಿಯಂತ್ರಣ, ಎರಡನೆಯದು ತನಿಖೆ. ನಿಯಂತ್ರಣಕ್ಕೆ ಸ್ಪಷ್ಟ ಕಾನೂನು ಇದ್ದರೆ ಸಾಲುತ್ತದೆ. ತನಿಖೆಗೆ ನ್ಯಾಯಾಧೀಶರ ಅನುಮತಿಯೂ ಬೇಕು. ಅನುಮತಿಗೆ ಕಾದರೆ ಕಳ್ಳ ತಪ್ಪಿಸಿಕೊಳ್ಳುತ್ತಾನೆ ಎಂಬ ಆಕ್ಷೇಪದಲ್ಲಿ ಹುರುಳಿಲ್ಲ. ವಾರಗಟ್ಟಲೆ ಹಿಂಬಾಲಿಸಲು ಹೊರಟ ಅಧಿಕಾರಿಗೆ ಒಂದು ದಿನ ಕಾಯುವುದು ಕಷ್ಟವಾಗಬಾರದು.

‘ತಪ್ಪು ಮಾಡದವನಿಗೆ ಭಯವೇಕೆ’ ಎಂಬುದು ಇನ್ನೊಂದು ಪ್ರಶ್ನೆ. ಕಡಲನ್ನು ಬಲ್ಲವರು ಹೀಗೆ ಕೇಳಲಾರರು. ಮೀನು ಎಲ್ಲಿ ಸಿಕ್ಕಿತು ಎಂಬ ಅರಿವೇ ಮೀನುಗಾರನ ಬಂಡವಾಳ. ಕರಾವಳಿಯ ಜಿಲ್ಲೆಯೊಂದರಲ್ಲಿ ಸೇವೆಯಲ್ಲಿದ್ದಾಗ ಹಿರಿಯ ತಂಡೇಲರೊಬ್ಬರನ್ನು ನಾನು ಇದನ್ನೇ ಕೇಳಿದ್ದೆ. ‘ಅದನ್ನು ನನ್ನ ತಮ್ಮನಿಗೂ ಹೇಳುವುದಿಲ್ಲ ಸ್ವಾಮಿ’ ಎಂದು ಅವರು ನಕ್ಕಿದ್ದರು. ಸರ್ಕಾರದ ಕಂಪ್ಯೂಟರಿನಿಂದ ಆ ಗುಟ್ಟು ಸೋರಿದರೆ ಪರಿಹಾರ ಕೊಡುವವರಾರು?

ಸೋರುವುದಿಲ್ಲ ಎಂಬ ಭರವಸೆಯನ್ನು ನಾನು ಸುಲಭವಾಗಿ ನಂಬಲಾರೆ. ಪರಿಹಾರ ವಿತರಣೆಗೆಂದು ಸಂಗ್ರಹಿಸಿದ ಹೆಸರುಗಳ ಪಟ್ಟಿಯೊಂದು, ನನ್ನ ಮೇಜನ್ನು ದಾಟಿಯೇ, ಸಂಬಂಧವಿಲ್ಲದ ಇನ್ನೊಂದು ಕಚೇರಿಯ ಸಾಲ ವಸೂಲಿಗೆ ಬಳಕೆಯಾದುದನ್ನು ಕಂಡಿದ್ದೇನೆ. ಯಾವ ನಿಯಮವೂ ಅದನ್ನು ತಡೆದಿರಲಿಲ್ಲ. ತಡೆಯಬಹುದಾಗಿದ್ದ ನಾನೂ ಸುಮ್ಮನೆ ರುಜು ಹಾಕಿದೆ. ಆಡಳಿತದಲ್ಲಿ ಅನ್ಯಾಯ ಹೆಚ್ಚಾಗಿ ನಡೆಯುವುದು ದುರುದ್ದೇಶದಿಂದಲ್ಲ, ಹೀಗೆ ಸುಮ್ಮನೆ ಮುಂದಕ್ಕೆ ಸರಿಯುವ ಕಡತಗಳಿಂದ.

ಈಗ ನಮ್ಮ ಕಡಲಿಗೆ ಬರೋಣ. 2018ರ ಡಿಸೆಂಬರ್‌ನಲ್ಲಿ ಮಲ್ಪೆಯಿಂದ ಹೊರಟ ‘ಸುವರ್ಣ ತ್ರಿಭುಜ’ ಬೋಟು ಏಳು ಮಂದಿ ಮೀನುಗಾರರೊಂದಿಗೆ ಕಣ್ಮರೆಯಾಯಿತು. ಅದರ ಅವಶೇಷ ಮಹಾರಾಷ್ಟ್ರದ ಮಾಲ್ವಣ ಬಳಿ ಕಡಲ ತಳದಲ್ಲಿ ಪತ್ತೆಯಾದದ್ದು 2019ರ ಮೇ ತಿಂಗಳಿನಲ್ಲಿ. ಆ ಐದು ತಿಂಗಳು ಏಳು ಮನೆಗಳು ಉಸಿರು ಬಿಗಿಹಿಡಿದು ಕಾದದ್ದನ್ನು ಕರಾವಳಿ ಮರೆತಿಲ್ಲ. ಆದ್ದರಿಂದಲೇ 13 ಕರಾವಳಿ ರಾಜ್ಯ ಮತ್ತು ಕೇಂದ್ರಾಡಳಿತ ಪ್ರದೇಶಗಳ ಒಂದು ಲಕ್ಷ ಬೋಟುಗಳಿಗೆ ಟ್ರಾನ್ಸ್‌ಪಾಂಡರ್ ಅಳವಡಿಸುವ, 2024ರ ಆಗಸ್ಟ್‌ನಲ್ಲಿ ಚಾಲನೆ ಪಡೆದ ಕೇಂದ್ರ ಯೋಜನೆ ಸ್ವಾಗತಾರ್ಹ. ಆಪತ್ತಿನಲ್ಲಿ ಮೊರೆಯಿಡಲು, ಚಂಡಮಾರುತದ ಮುನ್ಸೂಚನೆ ಪಡೆಯಲು, ಗಡಿ ದಾಟದಂತೆ ಎಚ್ಚರ ವಹಿಸಲು ಅದು ನೆರವಾಗುತ್ತದೆ.

ಆದರೆ ಪ್ರಾಣ ಉಳಿಸಲು ಬಂದ ಸಾಧನವೇ ದಂಡ ವಿಧಿಸುವ ಸಾಧನವೂ ಆಗಬಲ್ಲದು. ಜೂನ್, ಜುಲೈ ತಿಂಗಳ 61 ದಿನಗಳ ನಿಷೇಧವನ್ನೂ, ಬುಲ್ ಟ್ರಾಲಿಂಗ್ ಮತ್ತು ಬೆಳಕು ಮೀನುಗಾರಿಕೆಯ ಮೇಲಿನ ನಿರ್ಬಂಧವನ್ನೂ ಜಾರಿ ಮಾಡಲು ಈ ದತ್ತಾಂಶ ಬಳಸಬಾರದೆಂದು ನಾನು ಹೇಳುತ್ತಿಲ್ಲ. ನಾಡದೋಣಿಯ ಬಡ ಮೀನುಗಾರನ ಪಾಲನ್ನು ಕಸಿಯುವ ದೊಡ್ಡ ಬೋಟುಗಳ ಮೇಲೆ ಕಣ್ಣಿಡಲೇಬೇಕು. ಆದರೆ ಅದನ್ನು ಕಾನೂನಿನಲ್ಲಿ ಬರೆದು, ಮೊದಲೇ ಹೇಳಿ ಮಾಡಬೇಕು. ಅಮೆರಿಕದ 4ನೇ ತಿದ್ದುಪಡಿಯಂಥ ರಕ್ಷಣೆ ನಮ್ಮ ಸಂವಿಧಾನದಲ್ಲಿಲ್ಲ ಎಂದು 1954ರಲ್ಲಿ ನಮ್ಮ ಸುಪ್ರೀಂ ಕೋರ್ಟು ಹೇಳಿತ್ತು. ಖಾಸಗಿತನ ಮೂಲಭೂತ ಹಕ್ಕು ಎಂದು 2017ರ ಪುಟ್ಟಸ್ವಾಮಿ ಪ್ರಕರಣದಲ್ಲಿ ಒಂಬತ್ತು ನ್ಯಾಯಮೂರ್ತಿಗಳ ಪೀಠ ಸಾರಿದ ಮೇಲೆ ಆ ನೆಪಕ್ಕೆ ಜಾಗವಿಲ್ಲ. ಹಕ್ಕಿನ ಮೇಲೆ ಹೇರುವ ನಿರ್ಬಂಧಕ್ಕೆ ಕಾನೂನಿನ ಆಧಾರ, ನ್ಯಾಯಸಮ್ಮತ ಉದ್ದೇಶ ಮತ್ತು ಮಿತಿ, ಈ ಮೂರೂ ಇರಬೇಕು.

ಹಾಗಾದರೆ ಮಾಡಬೇಕಾದುದೇನು? 1986ರ ಕರ್ನಾಟಕ ಸಾಗರ ಮೀನುಗಾರಿಕೆ ನಿಯಂತ್ರಣ ಕಾಯ್ದೆಗೆ ತಿದ್ದುಪಡಿ ತಂದು, ಬೋಟಿನ ಚಲನವಲನದ ಮಾಹಿತಿಯನ್ನು ಯಾರು ನೋಡಬಹುದು, ಯಾವ ಉದ್ದೇಶಕ್ಕೆ, ಎಷ್ಟು ಕಾಲ ಇಟ್ಟುಕೊಳ್ಳಬಹುದು ಎಂಬುದನ್ನು ಸ್ಪಷ್ಟಪಡಿಸಬೇಕು. ದಂಡ ಹಾಕುವ ಮುನ್ನ ದಾಖಲೆಯ ಪ್ರತಿಯನ್ನು ಬೋಟಿನವರಿಗೆ ಕೊಟ್ಟು ಅವರ ಅಹವಾಲು ಕೇಳಬೇಕು. ಮಾಹಿತಿಯನ್ನು ಅನ್ಯರಿಗೆ ಒದಗಿಸಿದ ನೌಕರನಿಗೆ ಶಿಕ್ಷೆಯಿರಬೇಕು. ಗುಪ್ತವಾಗಿ ಹಿಂಬಾಲಿಸುವ ಪ್ರಮೇಯ ಬಂದರೆ ಮ್ಯಾಜಿಸ್ಟ್ರೇಟರ ಲಿಖಿತ ಅನುಮತಿ ಕಡ್ಡಾಯವಾಗಬೇಕು.

ಇವಾವುದಕ್ಕೂ ದೊಡ್ಡ ವೆಚ್ಚವಿಲ್ಲ. ಹೀಗೆ ಮಾಡಿದರೆ ಮೀನುಗಾರ ಆ ಪೆಟ್ಟಿಗೆಯನ್ನು ತನ್ನ ರಕ್ಷಕನೆಂದು ನಂಬಿ ಚಾಲೂ ಇಟ್ಟುಕೊಳ್ಳುತ್ತಾನೆ. ಇಲ್ಲವಾದರೆ ಅದನ್ನು ಗೂಢಚಾರನೆಂದು ಬಗೆದು ನಡುಗಡಲಿನಲ್ಲಿ ಆರಿಸಿಬಿಡುತ್ತಾನೆ. ಆ ರಾತ್ರಿಯೇ ಬಿರುಗಾಳಿ ಎದ್ದರೆ ಅವನನ್ನು ಎಲ್ಲಿ ಹುಡುಕುವುದು?