ನೇಯುವ ಕೈಗೆ ನ್ಯಾಯವೆಲ್ಲಿ?

2025ರ ಆಗಸ್ಟ್ ತಿಂಗಳಿನಲ್ಲಿ ಮೆಕ್ಸಿಕೋ ದೇಶದ ವಹಾಕಾ ಪ್ರಾಂತದ ಯಲಾಲಾಗ್ ಎಂಬ ಬೆಟ್ಟದ ಹಳ್ಳಿಯಲ್ಲಿ ಅಪರೂಪದ ಘಟನೆಯೊಂದು ಜರುಗಿತು. ಜಗತ್ಪ್ರಸಿದ್ಧ ಆಡಿಡಾಸ್ ಕಂಪೆನಿಯ ಪ್ರತಿನಿಧಿಗಳು ಅಲ್ಲಿಗೆ ತೆರಳಿ, ಊರ ಜನರ ಸಮಕ್ಷಮದಲ್ಲಿ ಕ್ಷಮೆ ಯಾಚಿಸಿದರು. ಆ ಊರಿನ ಸಪೋತೆಕ್ ಜನರು ತಲೆಮಾರುಗಳಿಂದ ಹೆಣೆಯುತ್ತ ಬಂದ ಚರ್ಮದ ಮೆಟ್ಟಿನ ಮಾದರಿಯನ್ನು ಅವರನ್ನು ಒಂದು ಮಾತೂ ಕೇಳದೆ ಬಳಸಿಕೊಂಡುದೇ ಅಪರಾಧ. ಇದಕ್ಕೆ ಎರಡು ತಿಂಗಳು ಮುಂಚೆ ಇಟಲಿಯ ಪ್ರಾಡಾ ಕಂಪೆನಿಯು ಕೊಲ್ಹಾಪುರಿ ಚಪ್ಪಲಿಯನ್ನೇ ಹೋಲುವ ಮೆಟ್ಟುಗಳನ್ನು ಹೆಸರು ಹೇಳದೆ ಮಿಲಾನಿನಲ್ಲಿ ಪ್ರದರ್ಶಿಸಿ ಆಕ್ಷೇಪಣೆಗೆ ಗುರಿಯಾದುದು ಮುಂಬಯಿ, ಪುಣೆಗಳ ನಮ್ಮ ವಾಚಕರಿಗೆ ನೆನಪಿರಬೇಕು. 2019ರಲ್ಲಿ ಆ ಚಪ್ಪಲಿಗೆ ದೊರೆತ ಭೌಗೋಳಿಕ ಸೂಚಕದಲ್ಲಿ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳೊಡನೆ ನಮ್ಮ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರಗಳೂ ಸೇರಿವೆ. ಆದುದರಿಂದ ಇದು ಪರರ ಮನೆಯ ಜಗಳವೆಂದು ನಾವು ಸುಮ್ಮನಿರಲಾಗದು.

ಪ್ರಶ್ನೆಯ ಆಳವನ್ನು ಅರಿಯಬೇಕಾದರೆ ಅದೇ ಪ್ರಾಂತದ ಇನ್ನೊಂದು ಸಪೋತೆಕ್ ಹಳ್ಳಿಯನ್ನು ನೋಡಬೇಕು. ವಹಾಕಾ ನಗರದಿಂದ ಸುಮಾರು 30 ಕಿಲೋಮೀಟರು ದೂರದ ತೆಯೊತಿತ್ಲಾನ್ ದೆಲ್ ವಾಯೆ ಉಣ್ಣೆಯ ನೆಲಹಾಸುಗಳಿಗೆ ಹೆಸರಾಂತ ಊರು. ಸ್ಪೇನಿನವರು ಬರುವುದಕ್ಕೆ ಮೊದಲೇ ಅಲ್ಲಿಯವರು ಹತ್ತಿಯ ಬಟ್ಟೆ ನೇಯ್ದು ಅಸ್ತೆಕ್ ದೊರೆಗಳಿಗೆ ಕಪ್ಪವಾಗಿ ಒಪ್ಪಿಸುತ್ತಿದ್ದರು. ಆಗ ಹೆಂಗಸರು ಮಗ್ಗದ ಒಂದು ತುದಿಯನ್ನು ಸೊಂಟಕ್ಕೆ ಬಿಗಿದುಕೊಂಡು ನೇಯುತ್ತಿದ್ದರು. 16ನೆಯ ಶತಮಾನದಲ್ಲಿ ಸ್ಪೇನಿನವರು ಕುರಿಗಳನ್ನೂ ಕಾಲಿನಿಂದ ಮೆಟ್ಟಿ ನಡೆಸುವ ದೊಡ್ಡ ಮಗ್ಗವನ್ನೂ ತಂದರು. ಈ ಹೊಸ ಮಗ್ಗದಲ್ಲಿ ಗಂಡಸರು ಕುಳಿತರು. ಉಣ್ಣೆ ತೊಳೆಯುವುದು, ಹಿಂಜುವುದು, ನೂಲುವುದು ಹೆಂಗಸರ ಮತ್ತು ಮಕ್ಕಳ ಪಾಲಿಗೆ ಬಂದವು. ಹೀಗೆ ಒಂದು ಹಾಸಿನಲ್ಲಿ ಇಡೀ ಮನೆಯ ದುಡಿಮೆ ಸೇರಿಕೊಂಡಿತು.

ಬಣ್ಣದ ಕೆಲಸವೇ ಒಂದು ವಿದ್ಯೆ. ಪಾಪಾಸುಕಳ್ಳಿಯ ಮೇಲೆ ಬೆಳೆಯುವ ಕೊಚಿನೀಲ್ ಎಂಬ ಸಣ್ಣ ಕೀಟವನ್ನು ಒಣಗಿಸಿ, ಅರೆದು, ಕೆಂಪು ತೆಗೆಯುತ್ತಾರೆ. ಅದಕ್ಕೆ ನಿಂಬೆಯ ರಸ ಬೆರೆಸಿದರೆ ಬಣ್ಣ ಕಿತ್ತಳೆಯತ್ತ ತಿರುಗುತ್ತದೆ. ನೀಲಿಯ ಗಿಡ, ದಾಳಿಂಬೆಯ ಸಿಪ್ಪೆ ಇವೂ ಬಳಕೆಯಲ್ಲಿವೆ. ಸ್ಪೇನಿನ ಆಳ್ವಿಕೆಯಲ್ಲಿ ಬೆಳ್ಳಿಯನ್ನು ಬಿಟ್ಟರೆ ಮೆಕ್ಸಿಕೋದಿಂದ ಅತ್ಯಧಿಕ ಬೆಲೆಗೆ ರಫ್ತಾಗುತ್ತಿದ್ದುದು ಈ ಕೀಟದ ಬಣ್ಣವೇ. 19ನೆಯ ಶತಮಾನದಲ್ಲಿ ರಾಸಾಯನಿಕ ಬಣ್ಣ ಬಂದು ಆ ವ್ಯಾಪಾರವನ್ನು ಕೆಡಿಸಿತು. ಇಂದು ಕೆಲವು ಮನೆತನಗಳು ಹಳೆಯ ಬಣ್ಣಗಳನ್ನೇ ಹಿಡಿದಿವೆ. ಅಗ್ಗದ ಮಾಲಿಗೆ ರಾಸಾಯನಿಕ ಬಣ್ಣವೂ ನಡೆಯುತ್ತದೆ.

ಈ ಊರಿನ ಕಥೆಯಲ್ಲಿ ನಮ್ಮ ವಾಚಕರು ತಮ್ಮ ಬಾಳನ್ನೇ ಕಾಣಬಹುದಾದ ಒಂದು ಅಧ್ಯಾಯವುಂಟು. 1942ರಿಂದ 1964ರ ವರೆಗೆ ಅಮೆರಿಕವು ಮೆಕ್ಸಿಕೋದ ಗಂಡಸರನ್ನು ಕರಾರಿನ ಮೇಲೆ ಹೊಲಗೆಲಸಕ್ಕೆ ಕರೆಸಿಕೊಂಡಿತು. ಅಂತಹ ಕರಾರುಗಳು 45 ಲಕ್ಷಕ್ಕೂ ಮಿಕ್ಕಿದವು. ಮೊದಲ ವರ್ಷಗಳಲ್ಲಿ ಅವರ ಕೂಲಿಯಲ್ಲಿ ನೂರಕ್ಕೆ ಹತ್ತರಷ್ಟನ್ನು ಉಳಿತಾಯವೆಂದು ಹಿಡಿದಿಟ್ಟರು. ಅನೇಕರಿಗೆ ಆ ಹಣ ಕೈಸೇರಲೇ ಇಲ್ಲ. ತೆಯೊತಿತ್ಲಾನಿನ ಗಂಡಸರೂ ಹೀಗೆ ಹೊರಟಾಗ ಬರಿದಾದ ಮಗ್ಗಗಳಲ್ಲಿ ಹೆಂಗಸರು ಕುಳಿತರು. ಪರಂಪರೆ ಉಳಿದುದು ಅವರಿಂದ. ಆದರೆ ಮಾಲಿನ ಮೇಲೆ ಅವರ ಹೆಸರಿರಲಿಲ್ಲ, ಮಾರಾಟದ ಹಣವೂ ಅವರ ಕೈಗೆ ಬರುತ್ತಿರಲಿಲ್ಲ. 1980ರ ದಶಕದಿಂದೀಚೆಗೆ ಅವರು ಸಹಕಾರ ಸಂಘಗಳನ್ನು ಕಟ್ಟಿಕೊಂಡು ನೇರವಾಗಿ ಮಾರತೊಡಗಿದುದು ಈ ಅನ್ಯಾಯದ ವಿರುದ್ಧವೇ.

ಇನ್ನು ಮಾದರಿಯ ಮಾತು. ಹತ್ತಿರದ ಮಿತ್ಲಾದ ಪುರಾತನ ಕಟ್ಟಡಗಳ ಗೋಡೆಯ ಮೇಲಿನ ಮೆಟ್ಟಿಲು ಸುರುಳಿಯ ಚಿತ್ತಾರವು ಈ ಹಾಸುಗಳ ಗುರುತು. ಆದರೆ ವಿದೇಶದ ವ್ಯಾಪಾರಿಗಳು ಬೇಡಿದಾಗ ಇದೇ ನೇಕಾರರು ಪಿಕಾಸೋ, ಮಿರೋ ಇವರ ಚಿತ್ರಗಳನ್ನೂ, ಅಮೆರಿಕದ ನವಾಹೋ ಜನರ ಮಾದರಿಗಳನ್ನೂ ನೇಯ್ದುಕೊಟ್ಟರು. ನವಾಹೋ ಮಾದರಿಯ ಅಗ್ಗದ ಹಾಸುಗಳು ನಮ್ಮ ಭಾರತದಿಂದಲೂ ಅಮೆರಿಕದ ಪೇಟೆಗೆ ಹೋಗಿವೆ. ಹಾಗಾದರೆ ಮಾದರಿಯ ಒಡೆಯನು ಯಾರು? ಕದ್ದವನು ಯಾರು?

ಈ ಪ್ರಶ್ನೆಗೆ ಕಾಯಿದೆಗಳು ಎರಡು ಬಗೆಯ ಉತ್ತರ ಕೊಟ್ಟಿವೆ. ಅಮೆರಿಕದ 1990ರ ಕಾಯಿದೆಯು ಅಲ್ಲಿನ ಮೂಲನಿವಾಸಿಗಳು ಮಾಡದ ವಸ್ತುವನ್ನು ಅವರದೆಂದು ಮಾರುವುದನ್ನು ನಿಷೇಧಿಸುತ್ತದೆ. ಅದು ಕಾಯುವುದು ಹೆಸರನ್ನು ಮಾತ್ರ. ಮೆಕ್ಸಿಕೋದ 2022ರ ಕಾಯಿದೆ ಮುಂದೆ ಹೋಗಿ, ಮಾದರಿಯೇ ಸಮುದಾಯದ ಸಾಮೂಹಿಕ ಸ್ವತ್ತು, ಅನುಮತಿಯಿಲ್ಲದೆ ಬಳಸುವುದು ದಂಡನೀಯ ಎಂದು ಸಾರುತ್ತದೆ. ಧ್ಯೇಯ ದೊಡ್ಡದು. ಆದರೆ ಆ ಕಾಯಿದೆಯ ಕೈ ಗಡಿಯಾಚೆಗೆ ಸುಲಭವಾಗಿ ಚಾಚಲಾರದು. ಅನುಮತಿ ಕೊಡಬೇಕಾದ ಸಮುದಾಯ ಯಾವುದೆಂಬುದೂ ಹಲವು ಊರುಗಳು ಹಂಚಿಕೊಂಡ ಚಿತ್ತಾರದ ವಿಷಯದಲ್ಲಿ ಸುಲಭದ ಮಾತಲ್ಲ. 2024ರ ಮೇ ತಿಂಗಳಿನಲ್ಲಿ ಜಿನೀವಾದಲ್ಲಿ ಅಂಗೀಕೃತವಾದ ಅಂತಾರಾಷ್ಟ್ರೀಯ ಒಪ್ಪಂದವಾದರೂ ಜೈವಿಕ ಸಂಪತ್ತು ಮತ್ತು ಅದಕ್ಕೆ ಸೇರಿದ ಪಾರಂಪರಿಕ ಜ್ಞಾನಕ್ಕೆ ಸೀಮಿತ. ನೇಯ್ಗೆಯ ಚಿತ್ತಾರ ಅದರೊಳಗೆ ಬಾರದು.

ಹೋಟೆಲಿನಲ್ಲಿ ದುಡಿಯುವ ನಮ್ಮ ಬಂಧುಗಳಿಗೆ ಇದು ತಿಳಿಯದ ವಿಷಯವೇನಲ್ಲ. ದೋಸೆ ಯಾರೊಬ್ಬರ ಸ್ವತ್ತೂ ಅಲ್ಲ, ಎಲ್ಲರೂ ಹುಯ್ಯಬಹುದು. ಆದರೆ ಉಡುಪಿಯ ಫಲಕ ತೂಗಿಸಿದವರೆಲ್ಲ ಉಡುಪಿಯವರಲ್ಲವೆಂಬುದನ್ನೂ ಅವರು ಬಲ್ಲರು. ಇದಕ್ಕೂ ಮಿಗಿಲಾಗಿ, ಫಲಕ ಸಾಚಾ ಆಗಿದ್ದ ಮಾತ್ರಕ್ಕೆ ಒಳಗೆ ಹಿಟ್ಟು ರುಬ್ಬುವವನ ಸಂಬಳ ಹೆಚ್ಚುವುದಿಲ್ಲವೆಂಬುದನ್ನು ಅವರಿಗಿಂತ ಚೆನ್ನಾಗಿ ಯಾರು ಬಲ್ಲರು?

ಆದುದರಿಂದ ನಮ್ಮ ಅಭಿಪ್ರಾಯ ಇಷ್ಟು. ಮಾದರಿಗಳು ಊರಿಂದೂರಿಗೆ ಹರಿಯುವುದನ್ನು ಯಾವ ಕಾಯಿದೆಯೂ ಪೂರ್ತಿ ತಡೆಯಲಾರದು. ಆದರೆ ಹೆಸರಿನಲ್ಲಿ ಸುಳ್ಳಿರಬಾರದು. ದೊಡ್ಡ ಬಂಡವಾಳದವರು ಬಡವರ ಕಲೆಯನ್ನು ಬಳಸುವಾಗ ಕೇಳಿ ಬಳಸಬೇಕು, ಲಾಭದಲ್ಲಿ ಪಾಲು ಕೊಡಬೇಕು. ಇವೆರಡೂ ಆದ ಮೇಲೆಯೂ ನೇಯುವವರ ಕೂಲಿಯ ಪ್ರಶ್ನೆ ಉಳಿಯುತ್ತದೆ. ನಮ್ಮ ನವಲಗುಂದದ ಜಮಖಾನಕ್ಕೆ ಭೌಗೋಳಿಕ ಸೂಚಕ ದೊರೆತಿದೆ. ಅದನ್ನು ನೇಯುವ ಹೆಂಗಸರಾದರೋ ಬೆರಳೆಣಿಕೆಗೆ ಇಳಿದಿದ್ದಾರೆ. ಹೆಸರು ಉಳಿದು ಕೈ ಸೋತರೆ ಆ ಹೆಸರಿನಿಂದ ಪ್ರಯೋಜನವೇನು?

ತಿಂಗಳುಗಟ್ಟಲೆ ಕುಳಿತು ನೇಯ್ದ ದೊಡ್ಡ ಹಾಸಿನ ಬೆಲೆಯಲ್ಲಿ ಉಣ್ಣೆ ಹಿಂಜಿದ ಅಜ್ಜಿಯ ಕೂಲಿಯೂ, ನೂಲಿದ ಸೊಸೆಯ ಕೂಲಿಯೂ ಸೇರಬೇಕು. ಅದು ಸೇರಿದ ದಿನ ಮಗನು ಮಗ್ಗದ ಮುಂದೆ ಮನಸ್ಸಿಟ್ಟು ಕೂರುತ್ತಾನೆ. ಸೇರದಿದ್ದರೆ ಅವನೂ ಹಾಸಿಗೆ ಸುತ್ತಿಕೊಂಡು, ನಾವೆಲ್ಲ ಹೊರಟಂತೆ, ಪರಸ್ಥಳದ ದಾರಿ ಹಿಡಿಯುತ್ತಾನೆ. ಊರು ಬಿಡುವುದು ಪಾಪವಲ್ಲ. ಆದರೆ ಬಿಡುವುದೂ ಇರುವುದೂ ಅವನ ಇಚ್ಛೆಗೆ ಸೇರಿರಬೇಕು. ಹೊಟ್ಟೆಯ ಬಲವಂತಕ್ಕೆ ಅಲ್ಲ.